ಅಗ್ರಿಮೆಂಟ್‌ನಲ್ಲಿ 'ಸಿಸಿ' ಅಂತಿದ್ದರೆ ಸಹಿಗೆ ಮೊದಲು ಇಷ್ಟು ಮಾಡಿ

ಫ್ಲ್ಯಾಟ್ ಕೊಳ್ಳುವವರು ಅಗ್ರಿಮೆಂಟ್‌ನಲ್ಲಿ ರೇಟು, ಚದರಡಿ, ಪಾರ್ಕಿಂಗ್ ಎಲ್ಲವನ್ನೂ ಕಣ್ಣಿಟ್ಟು ನೋಡುತ್ತಾರೆ. ಆದರೆ ಬಿಲ್ಡರ್ ಕಡೆಯವರು 'ಸಿಸಿ ಬಂದಿದೆ ಸಾರ್' ಎಂದರೆ ತಲೆಯಾಡಿಸಿ ಚೆಕ್ ಬರೆದುಬಿಡುತ್ತಾರೆ. ಇಂಥವರನ್ನು ತುಂಬಾ ಜನರನ್ನು ನೋಡಿದ್ದೇನೆ. ಕಟ್ಟಡದ ಎರಡು ಬೇರೆ ಬೇರೆ ಸರ್ಟಿಫಿಕೇಟ್‌ಗಳಿಗೆ ಇದೇ ಮೊಟಕು ಹೆಸರು, ಹಾಗಾಗಿ ಯಾವ ಸಿಸಿ ಅಂತ ಮೊದಲು ಕೇಳಬೇಕು.

ಹಂತ 1: ಅಗ್ರಿಮೆಂಟ್‌ನ ಪೂರ್ತಿ ಪ್ರತಿಯನ್ನು ಅನುಬಂಧಗಳ ಸಮೇತ ಮನೆಗೆ ತನ್ನಿ.

ಹಂತ 2: 'ಸಿಸಿ' ಬಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಮೊಬೈಲ್‌ನಲ್ಲಿ ಸರ್ಚ್ ಕೊಟ್ಟು ಮುಗಿಸಬೇಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಎಷ್ಟೋ ಸಲ ಒಂದೂ ಸಿಗುವುದಿಲ್ಲ.

ಹಂತ 3: ಜನ ಎಡವುವುದು ಇಲ್ಲೇ. ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಅಂದರೆ ಕಟ್ಟಲು ಶುರು ಮಾಡಬಹುದು ಎಂಬ ಅನುಮತಿ. ಕಂಪ್ಲೀಷನ್ ಸರ್ಟಿಫಿಕೇಟ್ ಅಂದರೆ ಮಂಜೂರಾದ ನಕ್ಷೆಯಂತೆ ಕಟ್ಟಿ ಮುಗಿದಿದೆ ಎಂಬ ಪತ್ರ. 2016ರ ರೇರಾ ಕಾಯ್ದೆ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇವೆರಡಕ್ಕೂ ಬೇರೆ ಬೇರೆ ವ್ಯಾಖ್ಯೆ ಕೊಟ್ಟಿದೆ. ಎರಡನ್ನೂ ಮೊಟಕು ಮಾಡಿದರೆ ಉಳಿಯುವುದು ಸಿಸಿ.

ಆ ಸಾಲಿನ ಅಕ್ಕಪಕ್ಕ ಏನಿದೆ ನೋಡಿ. ನಕ್ಷೆ ಮಂಜೂರಾತಿ, ಪಾಯದ ಮಾತು ಇದ್ದರೆ ಸಾಮಾನ್ಯವಾಗಿ ಮೊದಲನೆಯದು. ಕೊನೆಯ ಕಂತು, ಸ್ವಾಧೀನ, ಕ್ರಯಪತ್ರ ಇದ್ದರೆ ಎರಡನೆಯದು. 'ಸಿಸಿ ದೊರೆತ 60 ದಿನದೊಳಗೆ ಬಾಕಿ ಮೊತ್ತ ಪಾವತಿಸತಕ್ಕದ್ದು' ಎಂಬ ಸಾಲನ್ನೇ ತೆಗೆದುಕೊಳ್ಳಿ. ನೀವು ಕಂಪ್ಲೀಷನ್ ಅಂದುಕೊಂಡು ಸಹಿ ಹಾಕುತ್ತೀರಿ. ಅವರು ಕಮೆನ್ಸ್‌ಮೆಂಟ್ ಅಂತ ವಾದ ಹೂಡಿದರೆ, ಬರೀ ಪಿಲ್ಲರ್ ನಿಂತಿರುವಾಗಲೇ ಪೂರ್ತಿ ಹಣ ಕೇಳುತ್ತಾರೆ.

ತೆರಿಗೆಯೂ ಇದರ ಮೇಲೇ ನಿಂತಿದೆ. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಪೂರ್ತಿ ಹಣ ಕೊಟ್ಟು ಕೊಂಡರೆ ಜಿಎಸ್‌ಟಿ ಇಲ್ಲ. ಕಟ್ಟುತ್ತಿರುವ ಫ್ಲ್ಯಾಟ್‌ಗೆ 5%, ಅಗ್ಗದ ವಸತಿಗೆ 1%. 80 ಲಕ್ಷದ ಫ್ಲ್ಯಾಟ್ ಆದರೆ 4 ಲಕ್ಷ ರೂಪಾಯಿ, ಕಡಿಮೆ ಏನಲ್ಲ ಅಲ್ವಾ?

ಕಂಪ್ಲೀಷನ್ ಇದ್ದರೂ ಸಮಾಧಾನ ಬೇಡ, ಓಸಿ, ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟನ್ನೂ ಕೇಳಿ. ನೀರು, ಒಳಚರಂಡಿ, ಕರೆಂಟಿನ ವ್ಯವಸ್ಥೆ ಇರುವ ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವುದು ಆ ಪತ್ರ.

ಬೇರೆ ಕಾಗದಗಳಲ್ಲಿ ಅರ್ಥವೂ ಬೇರೆ. ಬ್ಯಾಂಕಿನ ಸಾಲದ ಕರಾರಿನಲ್ಲಿ ಸಿಸಿ ಅಂದರೆ ಕ್ಯಾಶ್ ಕ್ರೆಡಿಟ್. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸರ್ಟಿಫೈಡ್ ಕಾಪಿ. ಮ್ಯಾಜಿಸ್ಟ್ರೇಟ್ ಕೋರ್ಟಿನ 'ಸಿಸಿ ನಂಬರ್' ಕ್ರಿಮಿನಲ್ ಕೇಸಿನದು. ಜಾಗದ ಹಳೇ ದಾಖಲೆಗಳಲ್ಲಿ ಅದು ಕಂಡರೆ ತಕ್ಷಣ ವಕೀಲರಿಗೆ ತೋರಿಸಿ.

ಹಂತ 4: ಸಿಸಿಯನ್ನು ಹೊಡೆದುಹಾಕಿ ಪೂರ್ತಿ ಹೆಸರು ಬರೆಸಿ. ವ್ಯಾಖ್ಯೆಗಳ ಪಟ್ಟಿಯಲ್ಲಿ ಅರ್ಥ ಕೊಟ್ಟಿದ್ದರೂ ನಾನು ಪ್ರತಿ ಪುಟದಲ್ಲೂ ಬಿಡಿಸಿ ಬರೆಸಿ ಎಂದೇ ಹೇಳುತ್ತೇನೆ. ಕೈಬರಹದ ತಿದ್ದುಪಡಿ ಪಕ್ಕದಲ್ಲಿ ಇಬ್ಬರ ಸಹಿಯೂ ಇರಲಿ. 'ನಮ್ಮ ಫಾರ್ಮ್ಯಾಟ್ ಬದಲಾಯಿಸಲ್ಲ' ಎಂದರೆ, ಇಬ್ಬರೂ ಸಹಿ ಹಾಕಿದ ಪೂರಕ ಕರಾರು ಕೇಳಿ. ಡಿಟಿಪಿ ಅಂಗಡಿಯ ರೆಡಿಮೇಡ್ ಅಗ್ರಿಮೆಂಟ್‌ಗಳನ್ನಂತೂ ಮುಟ್ಟಬೇಡಿ. ನಾಲ್ಕು ಕಡೆಯಿಂದ ಕಾಪಿ ಹೊಡೆದ ಕಾಗದದಲ್ಲಿ 3ನೇ ಪುಟದ ಸಿಸಿ ಒಂದು, 11ನೇ ಪುಟದ್ದು ಇನ್ನೊಂದು ಆಗಿರುತ್ತದೆ.

ಹಂತ 5: ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಆ ಪ್ರಾಜೆಕ್ಟ್ ಹುಡುಕಿ, ಸರ್ಟಿಫಿಕೇಟಿನ ನಂಬರು, ತಾರೀಖು ತಾಳೆ ನೋಡಿ.

ಅಗ್ರಿಮೆಂಟ್ ನೋಂದಣಿ ಆಗುವ ಮೊದಲು ಬೆಲೆಯ 10%ಗಿಂತ ಜಾಸ್ತಿ ಮುಂಗಡ ಪಡೆಯಲು ರೇರಾ ಬಿಲ್ಡರ್‌ಗೆ ಬಿಡುವುದಿಲ್ಲ. ಈ ತಿದ್ದುಪಡಿಗಳನ್ನೆಲ್ಲ ನೋಂದಣಿಗೆ ಮೊದಲೇ ಮಾಡಿಸಿಕೊಳ್ಳಿ. ಆಮೇಲೆ ಒಂದು ಪದ ಬದಲಿಸಬೇಕೆಂದರೂ ಅವರು ಒಪ್ಪಬೇಕು.