ಮರುಭೂಮಿಗೆ ಟೂ-ಸ್ಟ್ರೋಕ್ ಡರ್ಟ್ ಬೈಕ್: ಯಾವುದನ್ನು ಕೊಳ್ಳಬೇಕು, ಹೇಗೆ ಸಜ್ಜು ಮಾಡಬೇಕು

ಮರುಭೂಮಿಯಲ್ಲಿ ಟೂ-ಸ್ಟ್ರೋಕ್ ಬೈಕ್ ಕೈಕೊಡುವುದು ಪವರ್ ಸಾಲದೆ ಅಲ್ಲ. ಥ್ರಾಟಲ್ ಕಿಲೋಮೀಟರುಗಟ್ಟಲೆ ತೆರೆದೇ ಇರುತ್ತದೆ, ಗಾಳಿಯ ತುಂಬ ಧೂಳು, ಮೆತ್ತನೆಯ ಮರಳಿನಲ್ಲಿ ಎಂಜಿನ್ನಿಗೆ ಒಂದು ಕ್ಷಣವೂ ಬಿಡುವಿಲ್ಲ. ಆಯಿಲ್, ಗಾಳಿ, ಶಾಖ: ಈ ಮೂರರಲ್ಲಿ ಒಂದು ಹದ ತಪ್ಪಿದರೂ ಪಿಸ್ಟನ್ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ದುಡ್ಡು ಮೊದಲು ಈ ಮೂರಕ್ಕೆ ಹೋಗಲಿ. ಹೊಳೆಯುವ ಪೈಪು, ಸೈಲೆನ್ಸರುಗಳೆಲ್ಲ ಆಮೇಲೆ.

ಯಾವ ಬೈಕ್

125 ಸಿಸಿ ಹಗುರ, ಆದರೆ ಮರಳಿನಲ್ಲಿ ಅದನ್ನು ಸದಾ ಮೇಲಿನ ಆರ್‌ಪಿಎಂನಲ್ಲೇ ಹಿಡಿದಿಡಬೇಕು. ಸವಾರನಿಗೂ ಪಿಸ್ಟನ್‌ಗೂ ಬೇಗ ಸುಸ್ತು. 500 ಸಿಸಿಯ ಹೋಂಡಾ ಸಿಆರ್500ಆರ್, ಕವಾಸಾಕಿ ಕೆಎಕ್ಸ್500 ಒಂದು ಕಾಲಕ್ಕೆ ಮೆಕ್ಸಿಕೋದ ಬಾಹಾ ಮರುಭೂಮಿ ರೇಸುಗಳನ್ನು ಆಳಿದವು, ನಿಜ. ಆದರೆ ಮೊದಲನೆಯದು 2001ರಲ್ಲಿ, ಎರಡನೆಯದು 2004ರಲ್ಲಿ ನಿಂತವು. ಹುಚ್ಚು ಇದ್ದವರು ಕೊಳ್ಳಲಿ, ಬಿಡಿಭಾಗ ಹುಡುಕುವ ತಾಳ್ಮೆಯೂ ಜೊತೆಗಿರಲಿ.

ಬಹುತೇಕರಿಗೆ ಸರಿಹೊಂದುವುದು 250 ಅಥವಾ 300. ಮೋಟೋಕ್ರಾಸ್ ಮಾದರಿ ಕೊಂಡರೆ ಹಿಂದೆ 19 ಇಂಚಿನ ಚಕ್ರ, 8 ಲೀಟರ್ ಆಸುಪಾಸಿನ ಟ್ಯಾಂಕ್, ಒತ್ತೊತ್ತಾದ ಗೇರುಗಳು ಸಿಗುತ್ತವೆ. ಚಕ್ರ, ಗೇರು ಬದಲಿಸುವ ಖರ್ಚು ಸೇರಿಸಿದರೆ ಮೊದಲೇ ಯಮಹಾ ವೈಝಡ್250ಎಕ್ಸ್ ಅಥವಾ ಕೆಟಿಎಂ 300 ಎಕ್ಸ್‌ಸಿ ಥರದ್ದನ್ನು ನೋಡುವುದು ಜಾಣತನ. ಹಿಂದೆ 18 ಇಂಚಿನ ಚಕ್ರ ಇರುವುದರಿಂದ ಟೈರಿನ ಪಕ್ಕದ ಗೋಡೆ ಎತ್ತರ, ಮರಳಿನಡಿ ಅಡಗಿದ ಕಲ್ಲಿಗೆ ರಿಮ್ ಬೇಗ ಬಾಗುವುದಿಲ್ಲ.

ಕಾರ್ಬುರೇಟರೋ ಇಂಜೆಕ್ಷನ್ನೋ ಎಂಬ ಜಗಳಕ್ಕೆ ಕೊನೆಯಿಲ್ಲ. ಇಂಜೆಕ್ಷನ್ ತಾಪಮಾನ, ಎತ್ತರಗಳಿಗೆ ತಾನೇ ಹೊಂದಿಕೊಳ್ಳುತ್ತದೆ, ಆದರೆ ಪೆಟ್ರೋಲ್ ಪಂಪ್ ಅಥವಾ ಸೆನ್ಸರ್ ಕೆಟ್ಟರೆ ಬಯಲಲ್ಲಿ ಮಾಡಲು ಏನೂ ಇಲ್ಲ. ಕಾರ್ಬುರೇಟರನ್ನು ಒಂದು ಸ್ಕ್ರೂಡ್ರೈವರ್, ನಾಲ್ಕು ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ಇದ್ದರೆ ಎಲ್ಲಿ ಬೇಕಾದರೂ ಬಿಚ್ಚಿ ಸರಿಮಾಡಬಹುದು. ದೂರದ ಸವಾರಿಗೆ ನಮ್ಮ ಒಲವು ಕಾರ್ಬುರೇಟರ್ ಕಡೆಗೇ.

ಹಳೆಯ ಬೈಕ್ ಆದರೆ ಮಾರುವವನ ಮಾತಿಗಿಂತ ಎರಡು ಜಾಗ ಹೆಚ್ಚು ನಿಜ ಹೇಳುತ್ತವೆ. ಏರ್ ಫಿಲ್ಟರ್ ತೆಗೆದು ಅದರ ಹಿಂದಿನ ರಬ್ಬರ್ ಬೂಟಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಮಣ್ಣು ಬಂದರೆ ಅದು ಎಂಜಿನ್ ಒಳಗೂ ಹೋಗಿದೆ. ಆಮೇಲೆ ಎಕ್ಸಾಸ್ಟ್ ಪೈಪ್ ಕಳಚಿ, ಪೋರ್ಟಿಗೆ ಟಾರ್ಚ್ ಬಿಟ್ಟು, ಪಿಸ್ಟನ್ನಿನ ಬದಿ ನೋಡಿ. ಮೇಲಿಂದ ಕೆಳಗೆ ಉದ್ದುದ್ದ ಗೀರು ಕಂಡರೆ ಬೆಲೆಯಲ್ಲಿ ಪಿಸ್ಟನ್, ಸಿಲಿಂಡರ್ ಕೆಲಸ ಕಳೆದೇ ಮಾತಾಡಿ.

ಆಯಿಲ್ ಮತ್ತು ಜೆಟ್

ಉದ್ದಕ್ಕೂ ಫುಲ್ ಥ್ರಾಟಲ್ ಓಡಿಸುವವರಿಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಅನುಪಾತ 32:1 ಅಥವಾ 40:1 ಸರಿ. 10 ಲೀಟರ್ ಪೆಟ್ರೋಲಿಗೆ 32:1 ಅಂದರೆ 312 ಮಿಲಿ ಆಯಿಲ್, 40:1 ಅಂದರೆ 250 ಮಿಲಿ. ಅಳತೆ ಲೋಟ ಬಳಸಿ, ಕಣ್ಣಂದಾಜು ಬೇಡ. ಹಲವರು ಎಡವುವುದು ಇಲ್ಲಿ: ಆಯಿಲ್ ಹೆಚ್ಚು ಹಾಕಿದಷ್ಟೂ ಜೆಟ್‌ನಿಂದ ಇಳಿಯುವ ದ್ರವದಲ್ಲಿ ಪೆಟ್ರೋಲಿನ ಪಾಲು ಕಡಿಮೆ. ಅಂದರೆ ಮಿಶ್ರಣ ಲೀನ್ ಆಗುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ‘ಸೇಫ್ಟಿಗೆ ಇರಲಿ’ ಎಂದು ದಿಢೀರನೆ ಆಯಿಲ್ ಏರಿಸಿ ಜೆಟ್ ಹಾಗೇ ಬಿಟ್ಟರೆ ಆಗುವುದು ಉಲ್ಟಾ. ಒಂದು ಅನುಪಾತ ಹಿಡಿದು ಅದಕ್ಕೇ ಜೆಟ್ ಹೊಂದಿಸಿ, ಮತ್ತೆ ಅದನ್ನು ಮುಟ್ಟಬೇಡಿ.

ಮರುಭೂಮಿಯ ಬೆಳಗು ಕೊರೆಯುತ್ತದೆ, ಮಧ್ಯಾಹ್ನ ಸುಡುತ್ತದೆ. 5 ಡಿಗ್ರಿಯಿಂದ 35 ಡಿಗ್ರಿಗೆ ಏರುವಷ್ಟರಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ 10ರಷ್ಟು ಇಳಿಯುತ್ತದೆ. ಮಧ್ಯಾಹ್ನದ ಬಿಸಿಗೆ ಚೊಕ್ಕವಾಗಿ ಓಡುವಂತೆ ಕೂರಿಸಿದ ಮೇನ್ ಜೆಟ್ (ಫುಲ್ ಥ್ರಾಟಲಿಗೆ ಪೆಟ್ರೋಲ್ ಬಿಡುವುದು) ಮರುದಿನ ಬೆಳಗಿನ ಚಳಿಯ ದಟ್ಟ ಗಾಳಿಗೆ ಸಾಲದೆ ಲೀನ್ ಆಗಿ ಪಿಸ್ಟನ್ ಸುಡುವುದು ಹೀಗೆ. ದಿನದ ಯಾವ ಹೊತ್ತಿನ ಚಳಿಯಲ್ಲಿ ನೀವು ಫುಲ್ ಥ್ರಾಟಲ್ ಹಿಡಿಯುತ್ತೀರೋ ಆ ಚಳಿಗೆ ಮೇನ್ ಜೆಟ್ ಆರಿಸಿ, ಮೇಲೆ ಒಂದು ಸೈಜ್ ದೊಡ್ಡದು ಹಾಕಿ. ಮಧ್ಯಾಹ್ನ ಸ್ವಲ್ಪ ಮಂಕಾದರೂ ಪರವಾಗಿಲ್ಲ, ಬೈಕ್ ಮನೆಗೆ ಬರುತ್ತದೆ.

ಪರೀಕ್ಷೆಗೆ ಹೊಸ ಪ್ಲಗ್ ಹಾಕಿ. ಬಿಸಿಯಾದ ಎಂಜಿನ್ನಿನಲ್ಲಿ ಸಮತಟ್ಟು ಜಾಗದಲ್ಲಿ ನಾಲ್ಕನೇ ಗೇರಿನಲ್ಲಿ ಥ್ರಾಟಲ್ ಪೂರ್ತಿ ತೆರೆದು ಓಡಿಸಿ, ಹಾಗೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ. ಪ್ಲಗ್ ಬಿಚ್ಚಿ, ಪಿಂಗಾಣಿಯ ತುದಿಯಲ್ಲ, ಒಳಗೆ ಬುಡದಲ್ಲಿರುವ ಬಣ್ಣದ ಉಂಗುರ ನೋಡಿ. ಕಂದು ಉಂಗುರ ಇದ್ದರೆ ಒಳ್ಳೆಯದು. ಬುಡದವರೆಗೂ ಬೆಳ್ಳಗಿದ್ದು ಲೋಹದ ಚುಕ್ಕಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಅದು ಪಿಸ್ಟನ್ನಿನ ಅಲ್ಯೂಮಿನಿಯಂ.

ಇನ್ನೊಂದು ಅಪಾಯ ಇಳಿಜಾರಿನಲ್ಲಿದೆ. ಟೂ-ಸ್ಟ್ರೋಕಿಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ. ವೇಗದಲ್ಲಿ ಥ್ರಾಟಲ್ ಮುಚ್ಚಿ, ಗೇರಿನಲ್ಲೇ ಬಿಟ್ಟರೆ ಎಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ನಿಂತಿರುತ್ತದೆ. ಕ್ಲಚ್ ಹಿಡಿದು ಆಗಾಗ ಥ್ರಾಟಲ್ ಒಮ್ಮೆ ಸಣ್ಣಗೆ ತಿರುವಿ ಬಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಳೆಯುವುದೂ ಅಷ್ಟೇ ಕೆಟ್ಟದ್ದು. ಪಿಸ್ಟನ್ ಬೇಗ ಹಿಗ್ಗುತ್ತದೆ, ತಣ್ಣನೆಯ ಕೂಲಂಟ್ ಸುತ್ತಿರುವ ಸಿಲಿಂಡರ್ ಹಿಗ್ಗುವುದಿಲ್ಲ, ನಾಲ್ಕು ಕಡೆ ಉಜ್ಜಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ (ಸೀಜ್). ರೇಡಿಯೇಟರ್ ಕೈಗೆ ಬೆಚ್ಚಗೆ ತಾಗುವವರೆಗೆ ಕಾಯಿರಿ.

ಏರ್ ಫಿಲ್ಟರ್

ಫೋಮ್ ಫಿಲ್ಟರನ್ನು ಫಿಲ್ಟರ್ ಕ್ಲೀನರಿನಲ್ಲಿ ತೊಳೆಯಿರಿ. ಪೆಟ್ರೋಲ್ ಹಾಕಿದರೆ ಅಂಟು ಬಿಟ್ಟು ಹೊಲಿಗೆ ತೆರೆದುಕೊಳ್ಳುತ್ತದೆ. ಬಟ್ಟೆಯಂತೆ ಹಿಂಡಬೇಡಿ, ಅಂಗೈಯಲ್ಲಿ ಅದುಮಿ ನೀರು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಾಕಿ, ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೆ ಅದುಮಿ, ಹೆಚ್ಚಾದದ್ದನ್ನು ಹಾಗೇ ಒತ್ತಿ ತೆಗೆಯಿರಿ. ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿ. ಧೂಳು ಫೋಮ್ ಮೂಲಕ ಹೋಗುವುದಕ್ಕಿಂತ ಅಂಚಿನ ಸಂದಿಯಿಂದ ನುಗ್ಗುವುದೇ ಜಾಸ್ತಿ. ಹಿಟ್ಟಿನಂಥ ನುಣ್ಣನೆ ಧೂಳಿರುವ ಕಡೆ ಮೇಲೊಂದು ಫಿಲ್ಟರ್ ಸ್ಕಿನ್ (ತೆಳು ಹೊರ ಹೊದಿಕೆ) ತೊಡಿಸಿ, ಮಧ್ಯಾಹ್ನ ಅದನ್ನಷ್ಟೇ ಕಿತ್ತು ಬಿಸಾಡಿ. ಆಯಿಲ್ ಹಚ್ಚಿದ ಇನ್ನೊಂದು ಫಿಲ್ಟರ್ ಜಿಪ್ ಕವರಿನಲ್ಲಿ ಬ್ಯಾಗಿನಲ್ಲಿರಲಿ. ಬದಲಿಸುವಾಗ ಮೊದಲು ಬೂಟಿನ ಬಾಯಿಗೆ ಚೊಕ್ಕ ಬಟ್ಟೆ ತುರುಕಿ, ಆಮೇಲೆ ಏರ್‌ಬಾಕ್ಸ್ ಒರೆಸಿ. ಒಂದು ಚಿಟಿಕೆ ಮರಳು ಒಳಗೆ ಜಾರಿದರೂ ಪಿಸ್ಟನ್ ರಿಂಗಿನ ಕಥೆ ಮುಗಿಯಿತು.

ಶಾಖ, ಗೇರಿಂಗ್, ಟೈರು

ಮರಳ ದಿಬ್ಬಗಳಲ್ಲಿ ವೇಗ ಕಡಿಮೆ, ಹೊರೆ ಜಾಸ್ತಿ. ಕೂಲಂಟ್ ಕುದಿಯುವುದು ಅಲ್ಲೇ. ಅಲ್ಲಿಗೆ ಫ್ಯಾನ್ ಹಾಕಿಸಿ, ಬಯಲಿನ ವೇಗದ ಓಟಕ್ಕೆ ಅದರಿಂದ ಉಪಯೋಗವಿಲ್ಲ. 1.8 ಬಾರ್ ರೇಡಿಯೇಟರ್ ಕ್ಯಾಪ್ ಹಾಕಿದರೆ ಕುದಿಬಿಂದು ಏರುತ್ತದೆ, ಆದರೆ ಹಳೆಯ ಹೋಸುಗಳಿದ್ದರೆ ಮೊದಲು ಅವನ್ನು ಬದಲಿಸಿ. ರೇಡಿಯೇಟರ್ ಗಾರ್ಡ್, ಸ್ಕಿಡ್ ಪ್ಲೇಟ್, ಹ್ಯಾಂಡ್ ಗಾರ್ಡ್ ಇರಲೇಬೇಕು.

ಕಂಪನಿಯಿಂದ 13/50 (ಮುಂದಿನ, ಹಿಂದಿನ ಸ್ಪ್ರಾಕೆಟ್ ಹಲ್ಲುಗಳು) ಬಂದಿದ್ದರೆ ಮುಂದೆ 14 ಹಲ್ಲಿನ ಸ್ಪ್ರಾಕೆಟ್ ಹಾಕಿ. ಅದೇ ಆರ್‌ಪಿಎಂನಲ್ಲಿ ವೇಗ ಸುಮಾರು ಶೇ 7.7 ಹೆಚ್ಚುತ್ತದೆ, ಬಯಲಿನಲ್ಲಿ ಎಂಜಿನ್ ಕಿರುಚುವುದು ತಪ್ಪುತ್ತದೆ. ದಿಬ್ಬಗಳಲ್ಲೇ ಸುತ್ತುವುದಾದರೆ 13 ಇರಲಿ. ಚೈನಿಗೆ ಜಿಗುಟು ಲ್ಯೂಬ್ ಬೇಡ, ಮರಳು ಅಂಟಿ ಸ್ಪ್ರಾಕೆಟ್ ತಿನ್ನುತ್ತದೆ. ಓ-ರಿಂಗ್ ಚೈನು, ಒಣ ವ್ಯಾಕ್ಸ್ ಲ್ಯೂಬ್ ಸಾಕು.

ದಪ್ಪ ಟ್ಯೂಬ್ ಹಾಕಿ 12ರಿಂದ 15 ಪಿಎಸ್‌ಐ ಗಾಳಿಯಿಂದ ಶುರು ಮಾಡಿ. ಕಲ್ಲು ಹೆಚ್ಚಿದ್ದರೆ ಮೇಲಿನ ತುದಿ, ಬರೀ ಮರಳಾದರೆ ಕೆಳಗಿನದು. ಟೈರು ರಿಮ್ ಮೇಲೆ ಜಾರದಂತೆ ಹಿಡಿಯುವ ರಿಮ್ ಲಾಕ್ ಬಿಗಿಯಾಗಿರಲಿ. ಟ್ಯೂಬಿನ ಬದಲು ಹಾಕುವ ಫೋಮ್ ಬಳೆ, ಅಂದರೆ ಮೂಸ್, ಪಂಕ್ಚರ್ ಆಗುವುದಿಲ್ಲ, ಆದರೆ ಬಿಸಿಲಿನಲ್ಲಿ ಉದ್ದಕ್ಕೂ ವೇಗದಲ್ಲಿ ಓಡಿಸಿದರೆ ಕಾದು ಒಳಗೇ ಚೂರಾಗುತ್ತದೆ.

ಸಸ್ಪೆನ್ಷನ್ ಮತ್ತು ಸ್ಟಿಯರಿಂಗ್

ಸವಾರಿಯ ಪೂರ್ತಿ ಉಡುಪು ತೊಟ್ಟು, ನೀರಿನ ಬ್ಯಾಗ್ ಹೊತ್ತು ಕುಳಿತು ಹಿಂದಿನ ಸ್ಯಾಗ್ (ತೂಕಕ್ಕೆ ಹಿಂಭಾಗ ಎಷ್ಟು ಕುಸಿಯುತ್ತದೆ ಎಂಬುದು) ಅಳೆಯಿರಿ. 100ರಿಂದ 105 ಮಿಮೀ ಬರಲಿ. ಮೆತ್ತನೆ ಮರಳಿಗೆ ಇನ್ನೊಂದು 5 ಮಿಮೀ ಹೆಚ್ಚಿದ್ದರೆ ಮುಂಭಾಗ ಹಗುರಾಗಿ ಚಕ್ರ ಹೂತುಕೊಳ್ಳುವುದಿಲ್ಲ. ಸ್ಯಾಗ್ ಸರಿಹೊಂದಿಸಿದ ಮೇಲೆ ಸವಾರನಿಲ್ಲದ ಸ್ಯಾಗ್ 30ರಿಂದ 40 ಮಿಮೀ ಒಳಗೆ ಬರದಿದ್ದರೆ ಸ್ಪ್ರಿಂಗ್ ನಿಮ್ಮ ತೂಕದ್ದಲ್ಲ, ಕ್ಲಿಕ್ಕರ್ (ಸಸ್ಪೆನ್ಷನ್ ಹೊಂದಿಸುವ ತಿರುಪು) ತಿರುವಿ ಫಲವಿಲ್ಲ. ಮುಂದಿನ ಫೋರ್ಕ್ ಕೊಳವೆಗಳ ತುದಿ ಮೇಲಿನ ಕ್ಲಾಂಪಿಗೆ ಸಮವಾಗಿರಲಿ, ಮೇಲಕ್ಕೆ ಚಾಚಿದ್ದರೆ ವೇಗದಲ್ಲಿ ಮುಂಭಾಗ ನಡುಗುತ್ತದೆ. ಸಾಲು ದಿಬ್ಬಗಳಲ್ಲಿ ಹಿಂಭಾಗ ಒದೆಯುತ್ತಿದ್ದರೆ ರಿಬೌಂಡ್ (ಅದುಮಿದ ಶಾಕ್ ಮತ್ತೆ ಮೇಲೇಳುವ ವೇಗ) ಎರಡು ಕ್ಲಿಕ್ ನಿಧಾನಿಸಿ. ಅತಿಯಾದರೆ ಶಾಕ್ ಮೇಲೇಳಲು ಸಮಯ ಸಿಗದೆ ಕುಸಿಯುತ್ತಾ ಹೋಗುತ್ತದೆ, ಆಗ ಒಂದು ಕ್ಲಿಕ್ ವಾಪಸ್. ಸ್ಟಿಯರಿಂಗ್ ಡ್ಯಾಂಪರ್ ಮಾತ್ರ ಐಷಾರಾಮಿಯಲ್ಲ. ಅಡಗಿದ ಕಲ್ಲಿಗೆ ಮುಂದಿನ ಚಕ್ರ ತಾಗಿದಾಗ ಹ್ಯಾಂಡಲನ್ನು ಹಿಡಿದು ನಿಲ್ಲಿಸುವುದು ಅದೇ.

ದೊಡ್ಡ ಟ್ಯಾಂಕ್ ಹಾಕಿದ ಮೇಲೆ ಮೈಲೇಜನ್ನು ಅದೇ ನೆಲದಲ್ಲಿ ಅಳೆಯಿರಿ. ಗಟ್ಟಿ ದಾರಿಯ ಲೆಕ್ಕ ಮರಳಿನಲ್ಲಿ ನಡೆಯುವುದಿಲ್ಲ. ಟ್ಯಾಂಕಿನ ಗಾಳಿ ನಳಿಕೆಗೆ ಮರಳು ಕಟ್ಟಿದರೆ ಎಂಜಿನ್ ಹಸಿದು ಲೀನ್ ಓಡುತ್ತದೆ, ನಿಂತಾಗೆಲ್ಲ ಅದನ್ನೂ ನೋಡಿ. ಬ್ಯಾಗಿನಲ್ಲಿ ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್, ಚೈನ್ ಲಿಂಕ್, ಟ್ಯೂಬ್, ಟೈರ್ ಲಿವರ್, ಪಂಪ್, ಕ್ಲಚ್ ಲಿವರ್, 250 ಮಿಲಿ ಆಯಿಲ್ ಬಾಟಲಿ ಇರಲಿ. ಬೇರೆಯವರಿಂದ ಸಾದಾ ಪೆಟ್ರೋಲ್ ತೆಗೆದುಕೊಳ್ಳಬೇಕಾದಾಗ ಆ ಬಾಟಲಿ ಇಲ್ಲದಿದ್ದರೆ ಬೈಕ್ ತಳ್ಳುವುದೇ ಗತಿ. ಸಂಜೆ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ನೋಡಿ. ಮಂಕಾಗಿ ಸದ್ದು ಮಾಡಿದ್ದನ್ನು ಕಾಲು ಸುತ್ತು ಬಿಗಿ ಮಾಡಿ, ಫಿಲ್ಟರ್ ಬದಲಿಸಿ ಬೈಕ್ ನಿಲ್ಲಿಸಿ.