ಹುಲ್ಲಿಗೆ ಗಿರಾಕಿ ಹುಡುಕಿದ ಗೋಡೆ

ಗೋಡೆ ಬರಹದಿಂದ ನೆಲ್ಲು ಹುಲ್ಲು ಸುಡೋದು ಕಮ್ಮಿಯಾಗುತ್ತಾ ಅಂತ ನಕ್ಕವರೇ ಈಗ ಕಾರಟಗಿ, ಸಿಂಧನೂರಿನಿಂದ ನಮ್ಮ ಪೇಂಟರ್ ನಂಬರ್ ಕೇಳ್ತಾರೆ. ಪೂರಾ ನಿಂತಿಲ್ಲ. ಆದರೆ ನಾವು ಬರೆದ ಊರುಗಳಲ್ಲಿ ಅಂದಾಜು ಅರ್ಧ ಗದ್ದೆಗಳ ಹುಲ್ಲು ಪೆಂಡಿಯಾಗಿ ಹೊರಗೆ ಹೋಗಿದೆ.

‘ಹುಲ್ಲು ಸುಡಬೇಡಿ, ಪರಿಸರ ಉಳಿಸಿ’ ಅಂತ ಮೊದಲು ಗೋಡೆಗೆ ಬರೆದದ್ದಕ್ಕೆ ಒಂದು ಫೋನೂ ಬರಲಿಲ್ಲ. ಟನ್ ಹುಲ್ಲಿನ ಜೊತೆ ಐದೂವರೆ ಕೆಜಿ ಸಾರಜನಕ ಸುಟ್ಟು ಹೋಗುತ್ತೆ ಅಂತ ಬರೆದರೂ ಅಷ್ಟೇ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನವೆಂಬರ್–ಡಿಸೆಂಬರ್‌ನಲ್ಲಿ ಕಟಾವ್ ಮಷಿನ್ ಹೋದ ಮೇಲೆ ರೈತನಿಗೆ ಬೇಕಾಗಿರೋದು ಎರಡನೇ ಬೆಳೆಗೆ ಖಾಲಿ ಗದ್ದೆ. ಅದನ್ನೇ ಬರೆದೆವು: ‘ಹುಲ್ಲು ಕೊಳ್ಳುತ್ತೇವೆ. ಮೂರು ದಿನದಲ್ಲಿ ಗದ್ದೆ ಖಾಲಿ.’ ಕೆಳಗೆ ಬೇಲರ್, ಅಂದ್ರೆ ಹುಲ್ಲನ್ನು ಪೆಂಡಿ ಕಟ್ಟೋ ಮಷಿನ್, ಮಾಲೀಕನ ನಂಬರ್. ಗೋಡೆ ಬರಹದ ಅರ್ಧ ಖರ್ಚು ಅವನದೇ. ಕೊಳ್ಳೋರು ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಹೈನುಗಾರರು. ಅಲ್ಲಿ ಮೇವಿಗೆ ಯಾವತ್ತೂ ಬರ.

ಮಾತು ತಪ್ಪಿದರೆ ಜಾಹೀರಾತು ಉಲ್ಟಾ ಹೊಡೆಯುತ್ತೆ. ಸಣ್ಣ ಬೇಲರ್ ದಿನಕ್ಕೆ ಎಂಟ್ಹತ್ತು ಎಕರೆ ಮುಗಿಸಿದರೆ ಹೆಚ್ಚು. ಹೊತ್ತೇರಿ ಇಬ್ಬನಿ ಆರೋ ಮೊದಲೇ ಕಟ್ಟಿದರೆ ಪೆಂಡಿ ಒಳಗೇ ಕಾವು ಏರಿ ಬೂಷ್ಟು ಹಿಡಿಯುತ್ತೆ, ಲಾರಿ ವಾಪಸ್ ಬರುತ್ತೆ. ಅದಕ್ಕೇ ಎರಡು ಮಷಿನ್‌ಗೆ ನಾಲ್ಕೈದು ಊರು ಮಾತ್ರ. ‘ಕೊಯ್ಲಿಗೆ ಮೊದಲೇ ಫೋನ್ ಮಾಡಿ’ ಅಂತ ಸಾಲೊಂದು ಸೇರಿಸಿದ ಮೇಲೆ ಪಾಳಿ ಹಚ್ಚೋದು ಸಲೀಸಾಯಿತು.

ಫ್ಲೆಕ್ಸ್ ಬೇಡವೇ ಬೇಡ. 2016ರಿಂದ ರಾಜ್ಯದಲ್ಲಿ ನಿಷೇಧ, ಪರಿಸರದ ಹೆಸರಲ್ಲಿ ಪಿವಿಸಿ ಕಟ್ಟೋದು ಮರ್ಯಾದೆಯೂ ಅಲ್ಲ. ಗೋಡೆಗೆ ಚದರಡಿಗೆ ಹತ್ತು–ಹನ್ನೆರಡು ರೂಪಾಯಿ ಬಿತ್ತು, ಕೂಲಿ ಸೇರಿ. ಗೋಡೆ ಮಾಲೀಕನಿಗೆ ಬಾಡಿಗೆ ಕೊಡಲ್ಲ. ಪೂರಾ ಗೋಡೆಗೆ ಸುಣ್ಣ ಹೊಡೆದು ಕೊಡ್ತೇವೆ, ದೀಪಾವಳಿ ಮುಂದೆ ಅದು ಯಾರಿಗೆ ಬೇಡ? ಪಟ್ಟಣದೊಳಗಾದರೆ ಲಿಖಿತ ಅನುಮತಿ ಇಲ್ಲದೆ ಬ್ರಷ್ ಎತ್ತಬೇಡಿ, 1981ರ ವಿರೂಪ ತಡೆ ಕಾಯ್ದೆ ಇದೆ.

ಈ ಭಾಗದ ನಿಜವಾದ ಶತ್ರು ಚೌಳು. ನೆಲದಿಂದ ಎರಡಡಿ ತನಕ ಉಪ್ಪು ಏರಿ ಬಣ್ಣ ಹಪ್ಪಳದಂತೆ ಕಳಚುತ್ತೆ. ಅಕ್ಷರ ಮೂರಡಿ ಮೇಲಿಂದಲೇ ಶುರುವಾಗಬೇಕು, ನಂಬರ್ ಎಲ್ಲಕ್ಕಿಂತ ಮೇಲೆ. ಸುಣ್ಣಕ್ಕೆ ಕಾವಿ, ಕಾಡಿಗೆ ಕಪ್ಪು, ಬಟ್ಟೆಗೆ ಹಾಕೋ ನೀಲಿ ಪುಡಿ ನಿಲ್ಲುತ್ತವೆ. ಡಬ್ಬಿಯಲ್ಲಿ ಬರೋ ಕಡುಗೆಂಪು ಬಣ್ಣ (ಸ್ಟೇನರ್) ರಾಯಚೂರು ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಗುಲಾಬಿ. ಅಂಟಿಗೆ ಫೆವಿಕಾಲ್ ಎಲ್ಲರಿಗೂ ಗೊತ್ತು. ನಾವು ಜೊತೆಗೆ ಇನ್ನೊಂದು ಹಾಕ್ತೇವೆ, ಅದು ನಮ್ಮಲ್ಲೇ ಇರಲಿ. ಅಕ್ಷರ ಎಂಟು ಇಂಚು ಇದ್ದರೆ ಎಂಬತ್ತು ಅಡಿಯಿಂದ ಆರಾಮಾಗಿ ಓದಬಹುದು. ರಸ್ತೆಗೆ ಎದುರಾಗಿರೋ ಗೋಡೆ ಬೇಕು, ಪಕ್ಕದ್ದಲ್ಲ. ಇನ್ನೂ ಚೆಂದ ಅಂದ್ರೆ ಬಸ್ ನಿಲ್ಲೋ ಕಡೆ.

ನಡುವೆ ಟಂಟಂ ಆಟೊಗೆ ಮೈಕ್ ಕಟ್ಟಿಯೂ ನೋಡಿದೆವು. ದಿನಕ್ಕೆ ಹತ್ತಿರಹತ್ತಿರ ಎರಡು ಸಾವಿರ ಹೋಯಿತು, ಜನ ಹಾಡು ಕೇಳಿದರು, ನಂಬರ್ ಬರೆದುಕೊಳ್ಳಲಿಲ್ಲ. ಗೊಬ್ಬರದ ಅಂಗಡಿ ಬಿಲ್ಲಿನ ಹಿಂದೆ ಅಚ್ಚು ಹಾಕಿಸಿದ್ದು ಮಾತ್ರ ಅಗ್ಗದಲ್ಲಿ ಕೆಲಸ ಮಾಡಿತು. ಯಾವ ಗೋಡೆ ದುಡಿಯುತ್ತೆ ತಿಳಿಯೋಕೆ ಊರಿಗೊಂದು ಸಿಮ್ ಇಡಿ.

ಪೆಂಡಿ ದರವನ್ನು ಖಾಯಂ ಬಣ್ಣದಲ್ಲಿ ಬರೆಯಬೇಡಿ. ಜಲಾಶಯದಲ್ಲಿ ನೀರಿಲ್ಲದೆ ಎರಡನೇ ಬೆಳೆ ತಪ್ಪಿದ ವರ್ಷ ಮೇವಿನ ದರ ಎಗರುತ್ತೆ. ದರ ಬರೆಯೋ ಚೌಕಕ್ಕೆ ಬರೀ ಸುಣ್ಣ, ಮೇಲೆ ಕಾವಿ. ಒರೆಸಿ ಬರೆಯೋಕೆ ಐವತ್ತು ರೂಪಾಯಿ ಸಾಕು.