ಥೈರಾಯ್ಡ್ ಆಪರೇಷನ್‌ಗೆ ನಾನು ಸರ್ಜನ್‌ರನ್ನು ಆರಿಸಿಕೊಂಡ ಬಗೆ

ನನ್ನ ಕೊರಳಿನ ಬಲಭಾಗದಲ್ಲಿ ನಾಲ್ಕು ಸೆಂಟಿಮೀಟರ್‌ನ ಗಡ್ಡೆ ಇತ್ತು. ಸೂಜಿ ಚುಚ್ಚಿ ತೆಗೆದ ಜೀವಕೋಶಗಳ ವರದಿಯಲ್ಲಿ ‘ಬೆಥೆಸ್ಡಾ 4’ ಎಂದು ಬಂತು. ಕ್ಯಾನ್ಸರ್ ಹೌದು ಅನ್ನಲಾಗದ, ಅಲ್ಲ ಅಂತಲೂ ಅನ್ನಲಾಗದ ವರ್ಗ ಅದು. ಥೈರಾಯ್ಡ್‌ನ ಆ ಅರ್ಧ ಭಾಗವನ್ನು ತೆಗೆದು ಪರೀಕ್ಷಿಸಿದರೇನೇ ಖಚಿತವಾಗುವುದು. ಆಪರೇಷನ್ ಬೇಕೇ ಬೇಡವೇ ಎಂಬ ಗೊಂದಲ ನನಗಿರಲಿಲ್ಲ. ಆದರೆ ನಾನು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿರುವವಳು. ಧ್ವನಿಪೆಟ್ಟಿಗೆಗೆ ಹೋಗುವ ನರ ಥೈರಾಯ್ಡ್ ಗ್ರಂಥಿಗೆ ಅಂಟಿಕೊಂಡಂತೆ ಅದರ ಹಿಂದೆಯೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ ಎಂದು ಗೊತ್ತಾದ ದಿನದಿಂದ, ಯಾರ ಕೈಗೆ ಕೊರಳು ಕೊಡುವುದು ಎಂಬುದೊಂದೇ ಯೋಚನೆಯಾಯಿತು.

ಮೊದಲು ಹೋಗಿದ್ದು ನಮ್ಮತ್ತೆಯ ಪಿತ್ತಕೋಶದ ಆಪರೇಷನ್ ಮಾಡಿದ್ದ ಹಿರಿಯ ಜನರಲ್ ಸರ್ಜನ್ ಹತ್ತಿರ. ಅವರ ಚೀಟಿಯ ಮೇಲೆ ಹೆಸರಿನ ಮುಂದೆ ಎರಡು ಸಾಲು ಡಿಗ್ರಿಗಳಿದ್ದವು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಒಂದೊಂದು ಡಿಗ್ರಿಯನ್ನು ಒಂದೊಂದು ಸಾಲಿಗೆ ಬರೆದುಕೊಂಡೆ. ಪ್ರತಿಯೊಂದರ ಎದುರೂ ಮೂರು ಪ್ರಶ್ನೆ: ಎಷ್ಟು ವರ್ಷದ ತರಬೇತಿ? ಪರೀಕ್ಷೆ ಇದೆಯೇ? ಕೊಟ್ಟವರು ಯಾರು?

ಎಂಎಸ್ ಎಂದರೆ ಎಂಬಿಬಿಎಸ್ ಆದಮೇಲೆ ಮೂರು ವರ್ಷ. ಅದು ಜನರಲ್ ಸರ್ಜರಿಯಲ್ಲಿ ಪಡೆದದ್ದೋ ಇಎನ್‌ಟಿಯಲ್ಲೋ ಎಂದು ನೋಡಬೇಕು, ಯಾಕೆಂದರೆ ಥೈರಾಯ್ಡ್ ಆಪರೇಷನ್ನನ್ನು ಇಬ್ಬರೂ ಮಾಡುತ್ತಾರೆ. ಡಿಎನ್‌ಬಿ ರಾಷ್ಟ್ರಮಟ್ಟದ ಪರೀಕ್ಷಾ ಮಂಡಳಿ ಕೊಡುವಂಥದ್ದು, ಎಂಎಸ್‌ಗೆ ಸಮಾನ. ಎಂಸಿಎಚ್ ಎಂದರೆ ಎಂಎಸ್ ಮುಗಿಸಿ ಒಂದೇ ವಿಭಾಗದಲ್ಲಿ ಮತ್ತೆ ಮೂರು ವರ್ಷ. ಎಂಡೋಕ್ರೈನ್ ಸರ್ಜರಿಯಲ್ಲಿ, ಅಂದರೆ ಥೈರಾಯ್ಡ್‌ನಂಥ ಹಾರ್ಮೋನ್ ಗ್ರಂಥಿಗಳ ಆಪರೇಷನ್‌ನಲ್ಲೇ, ಎಂಸಿಎಚ್ ಮಾಡಿದವರೂ ಇದ್ದಾರೆ ಎಂದು ನನಗೆ ಗೊತ್ತಾಗಿದ್ದು ಆಗಲೇ. ಎಫ್‌ಆರ್‌ಸಿಎಸ್ ಬ್ರಿಟನ್ ಮತ್ತು ಐರ್ಲೆಂಡಿನ ನಾಲ್ಕು ರಾಯಲ್ ಕಾಲೇಜುಗಳದ್ದು. ಇಲ್ಲೊಂದು ಸೂಕ್ಷ್ಮವಿದೆ. ಈಗ ಅಲ್ಲಿ ತರಬೇತಿಯ ಆರಂಭದ ಹಂತದಲ್ಲಿ ಬರೆಯುವುದು ಎಂಆರ್‌ಸಿಎಸ್, ಕೊನೆಯ ಹಂತದ ವಿಭಾಗೀಯ ಪರೀಕ್ಷೆ ಎಫ್‌ಆರ್‌ಸಿಎಸ್. ಹಿಂದಿನ ತಲೆಮಾರಿನವರು ಎಫ್‌ಆರ್‌ಸಿಎಸ್ ಅನ್ನೇ ಆರಂಭದ ಹಂತದಲ್ಲಿ ಪಡೆಯುತ್ತಿದ್ದರು. ಹಾಗಾಗಿ ಯಾವ ವರ್ಷದ್ದು ಅನ್ನುವುದೂ ಮುಖ್ಯ. ಅಮೆರಿಕದ ಎಫ್‌ಎಸಿಎಸ್ ಪರೀಕ್ಷೆಯೇ ಅಲ್ಲ: ಸರ್ಜನ್‌ನ ತರಬೇತಿ, ಮಾಡಿದ ಕೆಲಸ, ನಡತೆಗಳನ್ನು ಸಹ ಸರ್ಜನ್‌ಗಳು ಪರಿಶೀಲಿಸಿ ಕೊಡುವ ಮನ್ನಣೆ. ಅಲ್ಲಿ ಪರೀಕ್ಷೆ ಇರುವುದು ‘ಬೋರ್ಡ್ ಸರ್ಟಿಫೈಡ್’ ಆಗುವುದಕ್ಕೆ.

ಈ ಲೆಕ್ಕದಲ್ಲಿ ನೋಡಿದಾಗ, ಆ ಹಿರಿಯರ ಎರಡು ಸಾಲಿನಲ್ಲಿ ವರ್ಷಗಟ್ಟಲೆ ದುಡಿದು ಪಡೆದದ್ದು ಎಂಬಿಬಿಎಸ್ ಮತ್ತು ಎಂಎಸ್. ಉಳಿದವು ಸಂಘಗಳ ಸದಸ್ಯತ್ವ ಮತ್ತು ಕೆಲವೇ ದಿನಗಳ ಲ್ಯಾಪ್ರೋಸ್ಕೋಪಿ ತರಬೇತಿಯ ಫೆಲೋಶಿಪ್. ಅದರಲ್ಲಿ ಮೋಸವೇನಿಲ್ಲ. ಎಂಎಸ್ ಸಣ್ಣ ಓದಲ್ಲ, ಅತ್ತೆಯವರ ಆಪರೇಷನ್ನನ್ನು ಅವರು ಚೆನ್ನಾಗಿಯೇ ಮಾಡಿದ್ದರು. ಆದರೆ ಆ ಯಾವ ಅಕ್ಷರವೂ ನನ್ನ ಕೊರಳಿಗೆ ಸಂಬಂಧಿಸಿದ್ದಾಗಿರಲಿಲ್ಲ.

ವೈದ್ಯಕೀಯ ಪರಿಷತ್ತಿನ ನೋಂದಣಿ ಪಟ್ಟಿಯನ್ನೂ ನೋಡಿದೆ. ಹೆಸರು ಹಾಕಿ ಹುಡುಕಬೇಡಿ. ಇನಿಷಿಯಲ್ ಹಿಂದುಮುಂದಾಗಿರುತ್ತದೆ, ಅದೇ ಹೆಸರಿನ ಹತ್ತು ಜನ ಸಿಗುತ್ತಾರೆ. ಚೀಟಿಯ ಮೇಲಿನ ನೋಂದಣಿ ಸಂಖ್ಯೆ ಹಾಕಿ ಹುಡುಕಿ. ಮೂಲ ಡಿಗ್ರಿಯ ಜೊತೆ ಹೆಚ್ಚುವರಿ ಅರ್ಹತೆ ನಮೂದಾಗಿದೆಯೇ ನೋಡಿ. ನಮೂದಾಗಿಲ್ಲವೆಂದ ಮಾತ್ರಕ್ಕೆ ಸುಳ್ಳು ಅನ್ನಲಾಗದು, ಸೇರಿಸಿರದೆಯೂ ಇರಬಹುದು. ಅಂಥದ್ದನ್ನು ನೇರವಾಗಿ ಕೇಳುವುದೇ ಸರಿ.

ಇಷ್ಟಾದಮೇಲೆ ಓದಿದ ಒಂದು ಅಧ್ಯಯನ ನನ್ನ ಹುಡುಕಾಟದ ದಿಕ್ಕನ್ನೇ ಬದಲಿಸಿತು. ಅಮೆರಿಕದಲ್ಲಿ ಪೂರ್ತಿ ಥೈರಾಯ್ಡ್ ತೆಗೆಸಿಕೊಂಡ ಸುಮಾರು 17,000 ರೋಗಿಗಳ ದಾಖಲೆ ನೋಡಿ 2017ರಲ್ಲಿ ಪ್ರಕಟಿಸಿದ್ದು. ವರ್ಷಕ್ಕೆ 25ಕ್ಕಿಂತ ಹೆಚ್ಚು ಇಂಥ ಆಪರೇಷನ್ ಮಾಡುವವರ ರೋಗಿಗಳಲ್ಲಿ ತೊಡಕುಗಳು ಕಡಿಮೆ. ಆದರೆ ಆ ದಾಖಲೆಗಳಲ್ಲಿದ್ದ ಸರ್ಜನ್‌ಗಳಲ್ಲಿ ಅರ್ಧದಷ್ಟು ಮಂದಿ ವರ್ಷಕ್ಕೆ ಮಾಡುತ್ತಿದ್ದುದು ಒಂದೇ ಒಂದು! ನನ್ನದು ಅರ್ಧ ಗ್ರಂಥಿಯ ಆಪರೇಷನ್, ಲೆಕ್ಕ ಹಾಗೇ ಅನ್ವಯಿಸದು. ಆದರೂ ಡಿಗ್ರಿ ನೋಡುತ್ತ ಕೂತಿದ್ದವಳಿಗೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು.

ಹಿರಿಯರ ಬಳಿ ಮತ್ತೆ ಹೋಗಿ ಕೇಳಿದೆ: “ವರ್ಷಕ್ಕೆ ಎಷ್ಟು ಥೈರಾಯ್ಡ್ ಮಾಡ್ತೀರಿ ಡಾಕ್ಟ್ರೇ?”

“ಮೂವತ್ತು ವರ್ಷದ ಸರ್ವೀಸು ನಂದು. ಅದನ್ನೆಲ್ಲ ಎಣಿಸ್ತಾ ಕೂತ್ಕೊಳೋಕಾಗತ್ತೇನಮ್ಮ?” ಎಂದರು. ದನಿಯಲ್ಲಿ ಬೇಸರವಿತ್ತು. ನನಗೂ ನೋವಾಯಿತು. ಆದರೆ ಉತ್ತರ ಸಿಗಲಿಲ್ಲವಲ್ಲ.

ಎರಡನೆಯವರು ಎಂಡೋಕ್ರೈನ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ. “ತರಬೇತಿಲಿ ಸೀನಿಯರ್ಸ್ ಜೊತೆ ತುಂಬ ಮಾಡಿದೀನಿ. ನಾನೊಬ್ಬಳೇ ಶುರು ಮಾಡಿ ಹತ್ತು ತಿಂಗಳು, ನಲವತ್ತಾಗಿದೆ” ಎಂದು ಬಿಚ್ಚಿ ಹೇಳಿದರು. ಆ ಪ್ರಾಮಾಣಿಕತೆಗೇ ಅರ್ಧ ಒಪ್ಪಿಬಿಟ್ಟಿದ್ದೆ.

ಮೂರನೆಯವರು ಇಎನ್‌ಟಿ ಎಂಎಸ್, ಅಷ್ಟೇ. ಮಾತಿಗೆ ಮೊದಲೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, “‘ಈ...’ ಅನ್ನಿ ಮೇಡಂ” ಎಂದರು. ಪರದೆಯ ಮೇಲೆ ಮುತ್ತಿನ ಬಣ್ಣದ ಎರಡು ಪಟ್ಟಿಗಳು ಬಂದು ಕೂಡಿಕೊಂಡವು. ಉಸಿರೆಳೆದಾಗ ಬೇರೆಯಾದವು. ಇಷ್ಟು ವರ್ಷ ನನಗೆ ಅನ್ನ ಕೊಟ್ಟಿದ್ದನ್ನು ಅವತ್ತೇ ಮೊದಲು ಕಂಡದ್ದು. “ಎರಡೂ ಚೆನ್ನಾಗಿ ಆಡ್ತಿವೆ. ಆಪರೇಷನ್ ಆದ್ಮೇಲೂ ನೋಡ್ತೀನಿ, ಪ್ರತಿಯೊಬ್ಬರಿಗೂ ನೋಡ್ತೀನಿ” ಎಂದರು. ಸಂಖ್ಯೆ ಕೇಳಿದ್ದಕ್ಕೆ ಮೇಜಿನ ಡ್ರಾಯರ್‌ನಿಂದ ಉದ್ದನೆಯ ರಿಜಿಸ್ಟರ್ ತೆಗೆದರು. ಹೆಸರುಗಳ ಮೇಲೆ ಅಂಗೈ ಮುಚ್ಚಿ, ಕ್ರಮಸಂಖ್ಯೆ ಮಾತ್ರ ತೋರಿಸಿದರು. ಹಿಂದಿನ ವರ್ಷ 93. ದನಿ ಹೋದವರು? “ಕೆಲವು ವಾರ ಗೊಗ್ಗರಾಗಿ ಸರಿಹೋದವರು ಇದ್ದಾರೆ. ಐದು ವರ್ಷದಲ್ಲಿ ಇಬ್ಬರಿಗೆ ಸರಿಹೋಗಲೇ ಇಲ್ಲ. ಒಬ್ಬರಿಗೆ ಕ್ಯಾನ್ಸರ್ ನರಕ್ಕೇ ಹತ್ತಿತ್ತು. ಇನ್ನೊಬ್ಬರದು ನನ್ನ ಕೈಯಲ್ಲೇ ಆದದ್ದು.”

ನಾನು ಅವರನ್ನೇ ಆರಿಸಿಕೊಂಡೆ. ಪೂರ್ತಿ ಗ್ರಂಥಿ ತೆಗೆದು ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕಾಗಿದ್ದರೆ ಆ ಡಾಕ್ಟರಮ್ಮನನ್ನೂ, ಅವರ ಸೀನಿಯರ್‌ಗಳನ್ನೂ ಮತ್ತೊಮ್ಮೆ ಕಾಣುತ್ತಿದ್ದೆನೇನೋ.

ಒಪ್ಪಿಗೆ ಪತ್ರದಲ್ಲಿ ‘ವೈದ್ಯರು ಮತ್ತು ಅವರ ತಂಡ’ ಎಂದು ಅಚ್ಚಾಗಿತ್ತು. ಯಾರು ಏನು ಮಾಡುತ್ತಾರೆ ಎಂದು ಕೇಳಿದೆ. “ಚರ್ಮ ತೆರೆಯೋದು, ಹೊಲಿಯೋದು ಜೂನಿಯರ್ಸ್ ಮಾಡಬಹುದು. ನರ ಹುಡುಕೋದು, ಗಡ್ಡೆ ಬಿಡಿಸೋದು ನಾನೇ” ಎಂದು ಹೇಳಿ, ಅದೇ ಮಾತನ್ನು ಪೆನ್ನಿನಲ್ಲಿ ಬರೆದು ಸಹಿ ಹಾಕಿದರು. ರಾತ್ರಿ ಡ್ಯೂಟಿಯಲ್ಲಿ ಯಾರಿರುತ್ತಾರೆಂದೂ ಕೇಳಿದೆ. ಈ ಆಪರೇಷನ್ ಆದ ಮೊದಲ 24 ಗಂಟೆಯಲ್ಲಿ ಕೊರಳೊಳಗೆ ರಕ್ತ ತುಂಬಿ ಉಸಿರು ಕಟ್ಟುವ ಅಪಾಯ ಅಪರೂಪಕ್ಕಾದರೂ ಉಂಟು. ಹಾಗಾದರೆ ಮಂಚದಲ್ಲೇ ಹೊಲಿಗೆ ಬಿಚ್ಚಬೇಕಾಗುತ್ತದೆ.

ಅವತ್ತು ರಾತ್ರಿ ಎಚ್ಚರವಾದಾಗ ತಲೆದೆಸೆಯ ಸ್ಟೂಲಿನ ಮೇಲೆ ಹಸಿರು ಬಟ್ಟೆ ಮುಚ್ಚಿದ ಟ್ರೇ ಇತ್ತು. ಅದರಲ್ಲೇನಿದೆ ಎಂದು ನರ್ಸ್‌ನ ಕೇಳಿದೆ. “ಹೊಲಿಗೆ ಬಿಚ್ಚೋ ಕತ್ತರಿ ಅಕ್ಕ, ಸರ್ ಇಡಿಸಿದಾರೆ. ಬೇಕಾಗಲ್ಲ, ಮಲ್ಕೊಳ್ಳಿ” ಎಂದಳು. ಆ ಪ್ರಶ್ನೆ ನನ್ನ ದನಿಯಲ್ಲೇ ಹೊರಬಂದಿತ್ತು. ಸ್ವಲ್ಪ ಒರಟಾಗಿತ್ತು, ಆದರೆ ನನ್ನದೇ ದನಿ.